‘ವೆರಿ’ ಬರೆಯದ ಮಾವ

ಹೇಮಗಿರಿ ಜಾತ್ರೆಯ ದನದ ದಲ್ಲಾಳಿಯ ಬಾಯಲ್ಲಿ ನಿಜವಾದ ಬೆಲೆ ಹೇಳಿಸಬಹುದು. ನಮ್ಮ ಸೋದರಮಾವನ ಕೈಲಿ ಒಂದು ‘ವೆರಿ’ ಬರೆಸಲು ಮಾತ್ರ ಆಗುತ್ತಿರಲಿಲ್ಲ!

ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾಗಿ ಅಕ್ಕಿಹೆಬ್ಬಾಳಿನಲ್ಲಿದ್ದ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಸುತ್ತಿನವರಿಗೆಲ್ಲ ಅರ್ಜಿ ಬರೆದುಕೊಡುವುದೇ ಅವನ ಕೆಲಸ. ಕನ್ನಡದಲ್ಲಿ ಬರೆದರೂ ನಡೆಯುತ್ತಿತ್ತು. ಇಂಗ್ಲಿಷಾದರೆ ಸಾಹೇಬರು ಬೇಗ ಕಣ್ಣುಬಿಡುತ್ತಾರೆಂದು ಜನರ ನಂಬಿಕೆ. ಕಷ್ಟ ಕೊಂಚವಾದರೆ ‘ಸ್ಲೈಟ್ಲಿ’, ತಕ್ಕಮಟ್ಟಿಗಾದರೆ ‘ಫೇರ್ಲಿ’, ಬಹಳವಾದರೆ ಮಾತ್ರ ‘ವೆರಿ’. ಕೊಡೆ ಹಿಡಿದು ಹೋಗಿ, ಕಣ್ಣಾರೆ ನೋಡದೆ ಒಂದನ್ನೂ ಬರೆಯುತ್ತಿರಲಿಲ್ಲ.

ಒಂದು ಮಳೆಗಾಲ ಒಬ್ಬ ಬಂದು, ಪರಿಹಾರದ ಅರ್ಜಿಯಲ್ಲಿ ಮನೆ ‘ಕಂಪ್ಲೀಟ್ಲಿ’ ಬಿದ್ದಿದೆ ಎಂದು ಬರೆಯಿರಿ ಅಂದ. ಮಾವ ಹೋಗಿ, ನಿಂತಿದ್ದ ಮೂರು ಗೋಡೆಗಳನ್ನು ಅಂಗೈಯಿಂದ ನೂಕಿ ನೋಡಿ, ‘ಪಾರ್ಟ್ಲಿ’ ಎಂದು ಬರೆದ. ಪಾಪ, ಮೂರನೆಯ ದಿನ ಆತ ಮತ್ತೆ ಹಾಜರು.

“ಮಿಕ್ಕಿದ್ನೂ ನಾನೇ ಕೆಡವ್ಬುಟ್ಟೆ ಮೇಷ್ಟ್ರೇ. ಈಗ್ಲಾರ ಬರ್ಕೊಡಿ.”

“ಬಿದ್ದಿದ್ದು ಬ್ಯಾರೆ, ಕೆಡವಿದ್ದು ಬ್ಯಾರೆ ಕಣಯ್ಯ.”

ನನ್ನನ್ನೇನು ಬಿಟ್ಟನೇ? ಬೆಲ್ಲದ ಮೂಟೆ ಹೊತ್ತು ಮೇಲೆ ಬಂದವನು ನಾನು. ಪಾಂಡವಪುರದಲ್ಲಿ ಸ್ವಂತ ಮಂಡಿ ಹಾಕಿದ್ದೆ. ಹೊರರಾಜ್ಯದ ವ್ಯಾಪಾರಿಗೆ ತೋರಿಸಲು ನಡತೆಯ ಪತ್ರ ಬೇಕಿತ್ತು. ‘ಫೇರ್ಲಿ ಆನೆಸ್ಟ್’ ಎಂದು ಬರೆದುಕೊಟ್ಟ! ತಕ್ಕಮಟ್ಟಿಗೆ ಪ್ರಾಮಾಣಿಕ! ಜಗಳಕ್ಕೆ ಹೋದರೆ, “ನಿನ್ ತಕ್ಕಡಿ ನೋಡ್ಕಂಡೇ ಬಂದಿವ್ನಿ ಕಣ್ಲಾ” ಅಂದ.

ನೀವೂ ನೆನಪಿಡಿ: ಹತ್ತು ಬೇಕಾದರೆ ಇಪ್ಪತ್ತು ಕೇಳಬೇಕು, ಎದುರಿನವನಿಗೆ ಇಳಿಸಲು ಏನಾದರೂ ಉಳಿಸಿರಬೇಕು. ಮಾವನಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಆಮೇಲೆ ಅವ್ವ ಹಾಸಿಗೆ ಹಿಡಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಕೆಲವೇ ದಿನ ಎಂದರು. ನನ್ನ ತಂಗಿ ನಾಗಮಂಗಲದಾಚೆ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ಶೀಳನೆರೆಯ ನಮ್ಮ ಮನೆಯ ಹತ್ತಿರಕ್ಕೆ ವರ್ಗವಾದರೆ ಕೊನೆಗಾಲದಲ್ಲಿ ಅವ್ವನ ಬಳಿ ಇರಬಹುದು. ತಂಗಿಯ ಹೆಸರಲ್ಲಿ ಅರ್ಜಿ ಬರೆಯಲು ಮಾವನನ್ನೇ ಕರೆಸಿದೆ. ಈ ಸಲ ಅಳತೆ ಗಿಳತೆ ಬೇಡ, ಇರುವುದರಲ್ಲೇ ದೊಡ್ಡ ಪದ ಹಾಕು ಎಂದು ಬಾಗಿಲಲ್ಲೇ ಬೇಡಿಕೊಂಡೆ.

ಅವನು ತನ್ನ ಅಕ್ಕನ ಪಕ್ಕದಲ್ಲಿ ಕೂತ. ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಅದನ್ನು ಮೆಲ್ಲಗೆ ಮಣಿಕಟ್ಟಿಗೆ ಎಳೆದು ಕೂರಿಸಿದ. ಅದು ಮತ್ತೆ ಜಾರಿತು. ಮಧ್ಯಾಹ್ನದವರೆಗೂ ಅಲ್ಲೇ ಇದ್ದು, ಜಗುಲಿಗೆ ಬಂದು ಬರೆದ. ನನಗೆ ಬರುವ ಇಂಗ್ಲಿಷಿನಲ್ಲೇ ಓದಿಕೊಂಡೆ: ‘ಮೈ ಮದರ್ ಈಸ್ ಸ್ಲೈಟ್ಲಿ ಅನ್‌ವೆಲ್.’

“ಸ್ಲೈಟ್ಲಿನಾ ಮಾವ? ಡಾಕ್ಟ್ರೇ ಕೈ ಬುಟ್ಟವ್ರೆ. ನೀನು ನೋಡ್ನಿಲ್ವಾ?”

“ನೋಡ್ದೆ ಕಣ್ಲಾ,” ಅಂದ. “ಅದ್ಕಿಂತ ಮ್ಯಾಕೆ ಬರೆಯಾಕೆ ಕೈ ಬರ್ನಿಲ್ಲ.”

ಕೊಡೆ ಹಿಡಿದು ಬಸ್ಸಿಗೆ ಹೊರಟುಹೋದ. ಮರುದಿನ ನಾನೇ ಕನ್ನಡದಲ್ಲಿ ಬೇರೆ ಅರ್ಜಿ ಬರೆದು ಕಚೇರಿಗೆ ಕೊಟ್ಟೆ. ವರ್ಗವೇನೋ ಆಯಿತು, ಆದೇಶ ಬರುವಷ್ಟರಲ್ಲಿ ಅವ್ವ ಇರಲಿಲ್ಲ.

ಆದರೆ ಆ ಮಧ್ಯಾಹ್ನ, ಮಾವ ಹೋದ ಮೇಲೆ, ನಾನು ಸಿಟ್ಟಿನಲ್ಲಿ ಕಾಗದ ಹಿಡಿದು ಒಳಗೆ ಹೋದೆ. ತಮ್ಮ ಏನು ಬರೆದ ಎಂದು ಅವ್ವ ಕೇಳಿದಳು.

“ವಸಿ ಉಸಾರಿಲ್ಲ ಅಂತ ಬರ್ದವ್ನೆ, ಅಷ್ಟೇಯ.”

ಅವಳ ಮುಖ ಸಡಿಲವಾಯಿತು. “ಅವ್ನು ನೋಡ್ದಂಗೇ ಬರೆಯೋನು ಕಣ್ಲಾ,” ಅಂದಳು. ಎರಡು ದಿನದಿಂದ ಮುಟ್ಟದ ಗಂಜಿಯನ್ನು ಕೇಳಿ, ಅರ್ಧ ಲೋಟ ಕುಡಿದಳು.