ಮೇಲೆ ನಲವತ್ತೊಂದು, ಕೆಳಗೆ ನಲವತ್ತು

ನಮ್ಮ ಕಾಕಾ ಈ ಲೋಕದಲ್ಲಿ ಯಾರನ್ನೂ ನಂಬುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಇದು ಶುದ್ಧ ಸುಳ್ಳು! ಅವರು ತಮ್ಮ ಎಮ್ಮೆಯನ್ನು ನಂಬುತ್ತಾರೆ. ಹಿಂಗಾಲಿಗೆ ಹಗ್ಗ ಕಟ್ಟಿದ ಮೇಲೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಊರು ಗಡಿನಾಡಿನ ದಾಳಿಂಬ. ತೊಗರಿ, ಸೋಯಾಬೀನ್ ಬೆಳೆಯುವ ಹೊಲವಿದೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿಯಿದೆ, ಕಂಡವರ ಮೇಲೆಲ್ಲ ಒಂದೊಂದು ಸಂಶಯವಿದೆ. ವಿಭೂತಿ ಸ್ನಾನವಾದ ಮೇಲೆ ಬರುತ್ತದೆ. ಸಂಶಯ ಕಣ್ಣು ಬಿಡುವ ಮೊದಲೇ ಬಂದು ಕೂತಿರುತ್ತದೆ.

ಒಮ್ಮೆ ನಾವಿಬ್ಬರೂ ಉಮರ್ಗಾ ಸ್ಟ್ಯಾಂಡಿನಲ್ಲಿ ನಿಲಂಗಾ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಬಂತು, ಮುಂದೆ ನಿಲಂಗಾ ಎಂದು ಬೋರ್ಡಿತ್ತು, ನಾನು ಹತ್ತಿದೆ. ಕಾಕಾ ಹಿಂದಕ್ಕೆ ಹೋಗಿ ಹಿಂದಿನ ಬೋರ್ಡನ್ನೂ ಓದಿದರು. ಆಮೇಲೆ ಡ್ರೈವರನನ್ನು ಕೇಳಿದರು. ಕಂಡಕ್ಟರನನ್ನು ಕೆಳಗಿಳಿಸಿ ಬೇರೆಯಾಗಿ ಕೇಳಿದರು, ಪೊಲೀಸರು ಇಬ್ಬರು ಕಳ್ಳರನ್ನು ಬೇರೆ ಬೇರೆ ಕೂಡಿಸಿ ವಿಚಾರಿಸುತ್ತಾರಲ್ಲ, ಹಾಗೆ. ಇಬ್ಬರ ಹೇಳಿಕೆಯೂ ತಾಳೆಯಾಯಿತು. ಅದಕ್ಕೇ ಅವರಿಗೆ ಸಂಶಯ ಬಂತು! "ಇಬ್ರೂ ಮೊದಲ ಮಾತಾಡ್ಕೊಂಡಾರ" ಎಂದು ನೆಲದ ಮೇಲೆಯೇ ನಿಂತುಬಿಟ್ಟರು. ಬಸ್ಸು ನನ್ನನ್ನು ಕರೆದುಕೊಂಡು ಹೋಯಿತು.

ಔರಾದ ಶಹಾಜನಿ ಸಂತೆಗೆ ಹೋದರೆ ಗುರುತಿನವರ ಹತ್ತಿರ ಒಂದು ಕಟ್ಟು ಮೆಂತೆಪಲ್ಯವನ್ನೂ ಕೊಳ್ಳುವುದಿಲ್ಲ. ಯಾಕೆ ಎಂದು ಕೇಳಿದರೆ, "ಗುರ್ತಿನಾಂವ ಮೋಸ ಮಾಡಿದ್ರ ಜಗಳಾ ತಗೀಲಾಕೂ ಬರಂಗಿಲ್ಲ" ಎನ್ನುತ್ತಾರೆ. ಇಂಥ ಮನುಷ್ಯನ ಮನೆಯ ಬಾಗಿಲಿಗೆ ಒಳಚಿಲಕವೇ ಇಲ್ಲ ಎಂದರೆ ನಂಬುತ್ತೀರಾ? ಟ್ರಂಕಿಗೆ ಎರಡು ಬೀಗ, ಬಾಗಿಲಿಗೆ ಒಂದು ಚಿಲಕವೂ ಇಲ್ಲ! ತೊಂಬತ್ತಮೂರರ ಭೂಕಂಪದ ನಸುಕಿನಲ್ಲಿ ಒಳಗಿನ ಚಿಲಕ ಹುಡುಕುತ್ತ ನಿಂತ ನೆನಪು ಅವರಿಗಿದೆ. "ನೆಲಾನೇ ನಂಬಿಸಿ ಕೈ ಕೊಡ್ತು, ಇನ್ನ ಮಂದಿದೇನು?" ಎಂಬ ಒಂದು ಮಾತು ಬಿಟ್ಟರೆ ಅದರ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ.

ಇಂಥವರು ನನ್ನ ಕಂಪ್ಯೂಟರಿಗೆ ಹೇಗೆ ಗಂಟುಬಿದ್ದರು ಎಂಬುದೇ ಕಥೆ.

ನಾನು ಉದಗೀರದಲ್ಲಿ ಕಂಪ್ಯೂಟರ್ ಕಲಿತವಳು. ಉಮರ್ಗಾ ಸ್ಟ್ಯಾಂಡಿನ ಎದುರು ಸಣ್ಣ ಅಂಗಡಿ ಇಟ್ಟು ಜನರ ಅರ್ಜಿ ತುಂಬುತ್ತೇನೆ, ಕೇಳಿದವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ನಮ್ಮ ಸಮಾಜದ ವಧು-ವರರ ಬಯೋಡಾಟಾಗಳೆಲ್ಲ ಆಗ ಒಬ್ಬ ರಿಟೈರ್ಡ್ ಶಾಲೆ ಗುರೂಜಿಯ ಮನೆಯ ದಪ್ಪ ರಿಜಿಸ್ಟರಿನಲ್ಲಿದ್ದವು. ಚಹಾ ಕುಡಿಯುವ ನೆವದಲ್ಲಿ ಬಂದವರೆಲ್ಲ ಅದನ್ನು ತಿರುವಿ ಹಾಕುತ್ತಿದ್ದರು. ಮುಂಜಾನೆ ಬರೆಸಿದ ಹುಡುಗಿಯ ಹೆಸರು ಸಂಜೆಯೊಳಗೆ ಮೂರು ತಾಲೂಕಿಗೆ ಮುಟ್ಟುತ್ತಿತ್ತು. ಅದಕ್ಕೇ ಸಮಾಜದ ಐದು ಜನರ ಮಂಡಳಿ ಇದನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕು, ಯಾರಿಗೆ ಎಷ್ಟು ಕಾಣಬೇಕೋ ಅಷ್ಟೇ ಕಾಣಲಿ ಎಂದು ನನಗೆ ಹೇಳಿತು. ಗುರೂಜಿಯೂ ಆ ಮಂಡಳಿಯಲ್ಲಿದ್ದರು, ಕಾಕಾ ಐದನೆಯವರು. ಸಂಶಯಪಡುವುದಕ್ಕೂ ಒಬ್ಬರು ಬೇಕಲ್ಲ!

ಮೊದಲ ಸಲ ತೋರಿಸಿದಾಗ ನಾನು ಬಹಳ ಬೀಗುತ್ತಿದ್ದೆ. ಅನುಮತಿ ಇಲ್ಲದ ಬಯೋಡಾಟಾ ಒತ್ತಿದರೆ ಕೆಂಪು ಅಕ್ಷರ ಮೂಡುತ್ತಿತ್ತು: ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ.

ಕಾಕಾ ಗೋಡೆಗೆ ಬೆನ್ನು ಹಚ್ಚಿ ಕೂತು ಅದನ್ನೇ ದಿಟ್ಟಿಸಿದರು. "ಅಂದ್ರ ಒಳಗ ಏನೋ ಅದ ಅಂತಾತಲ್ಲ?"

"ಅದ ಕಾಕಾ. ಆದ್ರ ತೋರ್ಸಂಗಿಲ್ಲ."

"ಬಾಗಲಾ ಬಡದವ್ರಿಗಿ ಒಳಗಿಂದ 'ಮನ್ಯಾಗ ಯಾರೂ ಇಲ್ರೀ' ಅಂತ ಕೂಗಿದಂಗಾತು ಪೋರಿ!"

ನನಗೆ ಸಿಟ್ಟು ಬಂತು. ಆದರೆ ಮಾತು ಖರೆಯಿತ್ತು. ಕೆಂಪು ಅಕ್ಷರ ತೆಗೆದೆ. ಅನುಮತಿ ಇಲ್ಲದವರಿಗೆ ಆ ಬಯೋಡಾಟಾ ಹುಟ್ಟೇ ಇಲ್ಲ ಎನ್ನುವ ಹಾಗೆ ಮಾಡಿದೆ. ಅಷ್ಟಕ್ಕೆ ಸುಮ್ಮನಾದರೆ ಅವರು ನಮ್ಮ ಕಾಕಾ ಹೇಗಾದಾರು? ಮರುವಾರ ಬಂದು, ಒಳಗೆ ಹ್ಯಾಂಗ ನಡೀತದ ಹೇಳು ಎಂದರು. ಎಲ್ಲ ಬಯೋಡಾಟಾಗಳೂ ಡೇಟಾಬೇಸಿನಲ್ಲಿ ಇರುತ್ತವೆ, ಪ್ರೋಗ್ರಾಂ ಅದಕ್ಕೆ ಒಂದು ಪ್ರಶ್ನೆ ಕೇಳಿದರೆ ಎಲ್ಲವೂ ಬರುತ್ತವೆ, ತೋರಿಸಬಾರದ್ದನ್ನು ನಾನು ಪುಟದ ಮೇಲೆ ಮುಚ್ಚಿಬಿಡುತ್ತೇನೆ ಎಂದೆ.

"ಎಲ್ಲಾ ತಂದು ಆಮ್ಯಾಲ ಮುಚ್ಚತಿ? ಅಡಗಿಮನಿ ಡಬ್ಬಿ ಎಲ್ಲಾ ಪಡಸಾಲ್ಯಾಗ ತಂದಿಟ್ಟು ಮ್ಯಾಲ ಟಾವೆಲ್ ಹೊಚ್ಚಿದಂಗ! ಟಾವೆಲ್ ಸರಸ್ಲಾಕ ಎಷ್ಟೊತ್ತು ಬೇಕು?"

"ಮತ್ತ ಹ್ಯಾಂಗ ಮಾಡ್ಲಿ?"

"ತರೂದ ಬ್ಯಾಡ. ಕೇಳಾಂವ ಯಾರು ಅನ್ನೂದು ಕೇಳೂದ್ರಾಗನ ಇರ್ಲಿ. ಅವನ ಪಾಲಿಂದು ಅಷ್ಟ ಹೊರಗ ಬರ್ಲಿ."

ಇದೇ ಮಾತನ್ನು ಕಲಿಯಲು ನಾನು ಉದಗೀರದಲ್ಲಿ ಎಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ! ಏಳನೇ ಇಯತ್ತೆ ಓದಿದ ಕಾಕಾ ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸಿದ್ದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ನಿನಗ ಎಲ್ಲಾ ಕಾಣ್ತದೇನು?" ಎಂದರು. ಮಾಡಿದವಳಿಗೆ ಕಾಣದಿದ್ದರೆ ಹೇಗೆ, ಕಾಣುತ್ತದೆ ಎಂದೆ. "ಅಂದ್ರ ನಿನ್ನ ಮ್ಯಾಲೂ ಒಂದು ಕಣ್ಣಿಡಬೇಕು" ಎಂದು ಎದ್ದು ಹೋದರು. ಬಿಸ್ಕೀಟನ್ನು ಮಾತ್ರ ಸಂಶಯವಿಲ್ಲದೆ ಮುಗಿಸಿದ್ದರು.

ಇಷ್ಟೆಲ್ಲ ಯಾಕೆ ಎಂಬುದು ಒಂದು ದಿನ ತಿಳಿಯಿತು. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದು, ಅಂಗಿಯ ಒಳಜೇಬಿನಿಂದ ಒಂದು ಅರ್ಜಿ ತೆಗೆದು ಟೇಬಲ್ಲಿನ ಮೇಲೆ ಬೋರಲು ಇಟ್ಟರು. ತಿರುಗಿಸಿ ನೋಡಿದರೆ ನಮ್ಮ ವೈನಿಯ ಬಯೋಡಾಟಾ! ವೈನಿ ಅಂದರೆ ಕಾಕಾನ ಸೊಸೆ. ಕಾಕಾನ ಒಬ್ಬನೇ ಮಗ, ನನ್ನ ಅಣ್ಣ, ಮೂರು ವರ್ಷದ ಹಿಂದೆ ಯೆಣೆಗೂರ ಹತ್ತಿರ ಹೈವೇಯಲ್ಲಿ ತೀರಿಕೊಂಡ. ಕಾಕು, ಅಂದರೆ ಕಾಕಾನ ಹೆಂಡತಿ, ಅದಕ್ಕೂ ಮೊದಲೇ ಹೋಗಿದ್ದಳು. ಈಗ ದಾಳಿಂಬದ ಮನೆಯಲ್ಲಿ ಮಾವ, ಸೊಸೆ ಇಬ್ಬರೇ.

"ಆಕಿಗಿ ಕೇಳೀರೇನು?"

"ಕೇಳ್ದೆ. ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ನಾಕು ದಿನಾ ಬಿಟ್ಟು ತಾನ ತುಂಬಿ ಕೊಟ್ಟಾಳ. ತಾ ಹೇಳೂತನಾ ಯಾರಿಗೂ ಗೊತ್ತಾಗಬಾರ್ದು ಅಂದಾಳ."

ನಮ್ಮಲ್ಲಿ ಉಡಿಕೆ, ಅಂದರೆ ವಿಧವೆಯ ಮರುಮದುವೆ, ಹೊಸದೇನಲ್ಲ, ಅಜ್ಜಿಯರ ಕಾಲದಲ್ಲಿ ಎರಡನೇ ಸೀರೆ ಉಟ್ಟವರು ಎಷ್ಟೋ ಮಂದಿ. ಆದರೆ ವೈನಿಯ ನಿಲಂಗಾದ ಅಣ್ಣಂದಿರು ಈಗ ಭಾರೀ ಮರ್ಯಾದಸ್ಥರು. ಸುದ್ದಿ ಕಿವಿಗೆ ಬಿದ್ದರೆ ಮರುದಿನವೇ ಗಾಡಿ ತಂದು ತಂಗಿಯನ್ನು ಕರೆದೊಯ್ಯುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ವೈನಿ ತಾನೇ ಯೋಚಿಸಿ, ತಾನೇ ಹೂಂ ಅನ್ನುವುದಕ್ಕೆ ಒಂದಿಷ್ಟು ದಿನ ಬೇಕಿತ್ತು. ಆ ದಿನಗಳನ್ನು ನನ್ನ ಪ್ರೋಗ್ರಾಂ ಕಾಯಬೇಕಿತ್ತು.

ದಾಳಿಂಬಕ್ಕೆ ಹೋಗಿ ವೈನಿಯ ಮೊಬೈಲಿನಲ್ಲಿ ಎಲ್ಲವನ್ನೂ ಹಾಕಿಕೊಟ್ಟೆ. ಯಾರಾದರೂ ತಮ್ಮ ಬಗ್ಗೆ ಬರೆದು, ಇಂಥವರು ಬೇಕು ಎಂದು ಕೇಳಿದರೆ ಅದು ವೈನಿಗೆ ತಲುಪುತ್ತದೆ. ತನ್ನದನ್ನು ತೋರಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು. ಮಾಡಿದ ನನ್ನನ್ನು ಬಿಟ್ಟರೆ ಸದ್ಯಕ್ಕೆ ಅವಳಿಗೂ ಕಾಕಾಗೂ ಮಾತ್ರ ಕಾಣುವಂತೆ ಮಾಡಿದೆ. ಅವಳು ಪಾಸ್‌ವರ್ಡ್ ಒತ್ತುವಾಗ ಕಾಕಾ ಅಂಗಳಕ್ಕೆ ಹೋಗಿ ಎಮ್ಮೆಯ ಕಡೆ ಮುಖ ಮಾಡಿ ನಿಂತಿದ್ದರು.

ಒಂದು ವಾರ ನೆಟ್ಟಗೆ ನಡೆಯಿತು. ಎಂಟನೇ ದಿನ ಕಾಕಾ ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿ, ಟೇಬಲ್ಲಿನ ಮೇಲೆ ಒಂದು ಮೊಬೈಲು ಒಗೆದರು. ಅದು ಗುರೂಜಿಯದು!

"ಬಂದ್ ಮಾಡು ಇದನ್ನ! ಮ್ಯಾಲ ನಲವತ್ತೊಂದು ಅಂತದ, ಕೆಳಗ ಎಣಸಿದ್ರ ನಲವತ್ತ ಅವ! ಆ ಒಂದು ಯಾರ್ದು, ಎಲ್ಲಿ ಹೋತು ಅಂತ ಗುರೂಜಿ ಮುಂಜಾನಿಂದ ಹುಡುಕ್ಲತ್ತಾನ!"

ಪ್ರೋಗ್ರಾಂ ತೆರೆದು ನೋಡಿದೆ. ಪಟ್ಟಿ ಕೇಳುವ ಪ್ರಶ್ನೆಯಲ್ಲಿ ಕೇಳುವವರು ಯಾರು ಎಂಬುದನ್ನು ಹಾಕಿದ್ದೆ. ಆದರೆ 'ಒಟ್ಟು ಎಷ್ಟು' ಎಂದು ಕೇಳುವ ಪ್ರಶ್ನೆಯಲ್ಲಿ ಮರೆತಿದ್ದೆ. ವೈನಿಯ ಹೆಸರು ಅಡಗಿಸಿಟ್ಟು ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದೆ! ಚಹಾದ ನೆವ ಮಾಡಿ ಗುರೂಜಿಯ ಮನೆಗೆ ತಪಾಸಣೆಗೆ ಹೋದ ಕಾಕಾ ಅದನ್ನು ಹಿಡಿಯದಿದ್ದರೆ, ಗುರೂಜಿ ಸಂಜೆಯೊಳಗೆ ಊರೆಲ್ಲ ಕೇಳಿ ಬರುತ್ತಿದ್ದರು.

"ಗುರೂಜಿ ಮೊಬೈಲ್ ಕದ್ದು ತಂದ್ರ ಏನು ಉಪೇಗ ಕಾಕಾ? ಮಂಡಳಿಯವ್ರ ಎಲ್ಲಾರ ಮೊಬೈಲ್‌ನ್ಯಾಗೂ ಹಂಗ ಕಾಣ್ತದ."

ಕಾಕಾ ಚಪ್ಪಲಿ ಮೆಟ್ಟುತ್ತ ಎದ್ದರು. "ಹಂಗಾದ್ರ ಉಳದವೂ ತರ್ತೀನಿ, ಮೂರ ಮನಿ!"

ಕೈ ಹಿಡಿದು ಕೂಡಿಸಿದೆ. ಎಣಿಕೆಯ ಪ್ರಶ್ನೆಯನ್ನು ಸರಿಪಡಿಸಿದೆ. ಕಾಕಾ ಮೊಬೈಲು ತಿರುಗಿ ಕೊಟ್ಟು, ತಪ್ಪಿ ನನ್ನ ಜೇಬಿಗೆ ಬಂದಿತ್ತು ಎಂದರಂತೆ. ಗುರೂಜಿ ತೆರೆದು ನೋಡಿ, "ಅರೇಚ್ಚಾ! ಮುಂಜಾನಿ ನಲವತ್ತೊಂದಿತ್ತಲ್ಲರೀ?" ಎಂದು ಕಂಗಾಲಾದರಂತೆ.

"ಗುರೂಜಿ, ಚಸ್ಮಾ ಬದಲ ಮಾಡ್ರಿ" ಎಂದರಂತೆ ಕಾಕಾ.

ಪಾಪ, ಗುರೂಜಿ ಖರೆ ಖರೆ ಬದಲಿಸಿದರು!

ಮರುದಿನ ಕಾಕಾ ಮತ್ತೆ ಬಂದರು. ಬೆನ್ನು ಗೋಡೆಗೆ ಹಚ್ಚಲಿಲ್ಲ, ತಲೆ ಬಗ್ಗಿಸಿ ಕೂತರು.

"ಆಕಿ ಕಾಗದದ ಮ್ಯಾಲಿಂದ ನನ್ನ ಹೆಸರು ತಗದುಬಿಡು. ನನಗೂ ಕಾಣಬಾರ್ದು."

"ಯಾಕ ಕಾಕಾ? ಯಾರಿಗರೆ ಬಾಯಿ ಬಿಟ್ಟೀರೇನು?"

"ಇಲ್ಲ. ನಿನ್ನಿ ಮನಿಗಿ ಹೋದಾಗ ಆಕಿ ಜೋಳದ ಭಕ್ರಿ ಮಾಡ್ಲತ್ತಿದ್ಲು. ಯಾವನರೆ ಕೇಳ್ಯಾನೇನು ಅಂತ ತಗದು ನೋಡ್ದೆ. ಯಾರೂ ಕೇಳಿದ್ದಿಲ್ಲ. ನನಗ ಖುಷಿ ಆತು ಪೋರಿ. ಖುಷಿ ಆಗಬಾರ್ದಿತ್ತು. ಈ ಮುದುಕನ ಮ್ಯಾಲ ಭರೋಸಾ ಇಡಬ್ಯಾಡ."

ಅವರ ಹೆಸರನ್ನು ತೆಗೆದೆ. ಹೊರಡುವಾಗ ಇನ್ನೊಂದು ಹಾಕಿಸಿಕೊಂಡರು. ಯಾರಿಗಾದರೂ ತೋರಿಸುವ ಮೊದಲು ಅದು ವೈನಿಯನ್ನು ಎರಡು ಸಲ ಕೇಳಬೇಕು. ತೋರಿಸಲೇ? ಖರೇನ ತೋರಿಸಲೇ? "ಬೆರಳಿಗಿ ಬುದ್ಧಿ ಇರಂಗಿಲ್ಲ" ಎಂಬುದು ಅವರ ವಾದ.

ಅಂದಿನಿಂದ ದಿನಾ ಮುಂಜಾನೆ ಫೋನು. "ಇವತ್ತೂ ನಲವತ್ತ. ಬರಾಬರ್." ಒಂದು ಮದುವೆ ಗೊತ್ತಾದರೆ ಮೂವತ್ತೊಂಬತ್ತು, ಹೊಸ ಅರ್ಜಿ ಬಂದರೆ ಮತ್ತೆ ನಲವತ್ತು. ಯಾವುದು ಹೋಯಿತು, ಯಾವುದು ಬಂತು ಎಂಬುದು ಅವರ ಬಾಯಿಪಾಠ. ಬೇಸಿಗೆ ಹೀಗೇ ಕಳೆಯಿತು, ಬಿತ್ತನೆ ಮುಗಿಯಿತು. ಒಂದು ಮುಂಜಾನೆ ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಫೋನು ಬಂತು.

"ಪೋರಿ, ನಿನ್ನ ಮಶೀನ್ ಮತ್ತ ಕೆಟ್ಟದ! ಯಾರೂ ಹೊಸಾ ಅರ್ಜಿ ಕೊಟ್ಟಿಲ್ಲ, ನನಗ ಒಂದು ಹೆಚ್ಚಿಗಿ ತೋರಸ್ಲತ್ತದ. ತೆರದು ನೋಡಿಲ್ಲ ನಾ. ಲಗೂನ ಬಂದ್ ಮಾಡು!"

ಹೆದರುತ್ತಲೇ ತೆರೆದು ನೋಡಿದೆ. ಯಾವುದೂ ಕೆಟ್ಟಿರಲಿಲ್ಲ. ಉದಗೀರದ ಒಬ್ಬರ ಕೋರಿಕೆ ವೈನಿಗೆ ಬಂದು ಹನ್ನೊಂದು ದಿನವಾಗಿತ್ತು. ವೈನಿ ಅವರಿಗೆ ಇನ್ನೂ ಹೂಂ ಅಂದಿರಲಿಲ್ಲ. ಅದಕ್ಕೂ ಮೊದಲು, ಅಂದು ಮುಂಜಾನೆ, ತನ್ನ ಬಯೋಡಾಟಾವನ್ನು ಒಬ್ಬರಿಗೆ ಮಾತ್ರ ತೋರಿಸಲು ಅನುಮತಿ ಕೊಟ್ಟಿದ್ದಳು.

"ಕಾಕಾ, ಮಶೀನ್ ಬರಾಬರ್ ಅದ. ವೈನೀನ ನಿಮಗ ತೋರಸ್ಯಾಳ."

"ಬೆರಳು ತಪ್ಪಿ ಒತ್ಯಾಳ."

"ಎರಡು ಸಲ ಕೇಳ್ತದ ಕಾಕಾ. ನೀವೇ ಹಾಕಿಸಿದ್ದು."

ಒಂದೇ ಮನೆಯಲ್ಲಿ, ಒಂದೇ ಒಲೆಯ ಭಕ್ರಿ ಉಣ್ಣುವ ಇಬ್ಬರು, ಎದುರು ಬದುರು ಹೇಳಲಾರದ ಮಾತನ್ನು ನನ್ನ ಪ್ರೋಗ್ರಾಮಿನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಇಷ್ಟು ದಿನ ಏನೇನನ್ನೋ ಮುಚ್ಚಿಡಲು ಬರೆದ ಪ್ರಶ್ನೆ ಅದು.

ಫೋನಿನಲ್ಲಿ, ಅವರ ಮನೆಯ ಒಳಗಿನಿಂದ ವೈನಿಯ ದನಿ ಕೇಳಿಸಿತು. "ಮಾವಾ, ಚಾ ಆರ್ಲತ್ತದರೀ."

"ಬಂದೆ ತಾಯಿ" ಎಂದರು ಕಾಕಾ. ಫೋನು ಕಟ್ ಮಾಡಲು ಮರೆತೇಬಿಟ್ಟರು. ಕಪ್-ಬಸಿಯ ಸದ್ದಾಯಿತು. ಈಗ ತೆರೆದು ಉದಗೀರದವರ ಕೋರಿಕೆ ಓದಿದ್ದಿರಬೇಕು, ಕಾಕಾ ಕೆಮ್ಮಿ, ನಿಧಾನವಾಗಿ ಕೇಳಿದರು.

"ಉದಗೀರಕ್ಕ ಹೋಗಿ ಆ ಮನಿ ನೋಡ್ಕೊಂಡು ಬರ್ಲೇನವ್ವಾ?"

"ಹೂಂ."

"ಖರೇನ ಹೋಗ್ಲಾ?"

"ಖರೇನರೀ ಮಾವಾ" ಎಂದಳು ವೈನಿ.