ಭಾವನ ತಾರಸಿಯ ಹಿಮಾಲಯ

ನಮ್ಮ ಭಾವನಿಗೆ ಹಿಮಾಲಯದ ಇಂಚಿಂಚೂ ಗೊತ್ತು, ಸ್ವಂತ ಮನೆಯ ಹಿತ್ತಲು ಗೊತ್ತಿಲ್ಲ ಎಂದರೆ ನೀವು ನಂಬುವುದಿಲ್ಲ. ಎಲ್ಲೋ ಉತ್ತರದ ಕಾಡುಬೆಟ್ಟದಲ್ಲಿ ಹಿಮ ಯಾವಾಗ ಕರಗುತ್ತದೆ, ಆ ನೀರು ಹಳ್ಳಕ್ಕೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕಂಪ್ಯೂಟರ್ ಹಾಕುವ ಲೆಕ್ಕವನ್ನು ಕೃಷ್ಣರಾಜಪೇಟೆಯಲ್ಲಿ ಕೂತು ಪರೀಕ್ಷಿಸುವುದೇ ಅವರ ಉದ್ಯೋಗ! ಹಿಮವನ್ನು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿ ನೋಡಿ, ಫ್ರಿಜ್ಜಿನ ಬಾಗಿಲು ತೆಗೆದು ತೋರಿಸುತ್ತಾರೆ.

ಲೆಕ್ಕ ತಾಳೆಯಾಯಿತೇ ಎಂದು ತಿಳಿಯಲು ಆ ಹಳ್ಳದ ದಡದ ಹೆಂಗಸೊಬ್ಬಳಿಗೆ ದಿನವೂ ಫೋನು. ನೀರು ಏರಿದ ಹೊತ್ತನ್ನು ಆಕೆ ಹೇಳುತ್ತಾಳೆ. ಆಕೆಯ ಮಕ್ಕಳು ಶಾಲೆಗೆ ಹೋಗುವುದು ಆ ಹಳ್ಳದ ಕಾಲುಸೇತುವೆಯ ಮೇಲೆಯೇ. ಮನೆಗೆ ಬಂದ ನೆಂಟರನ್ನು ಚೆನ್ನಾಗಿದ್ದೀರಾ ಎನ್ನದ ಭಾವ, ಆ ಮಕ್ಕಳ ನೆಗಡಿಯನ್ನು ಮುರುಕು ಹಿಂದಿಯಲ್ಲಿ ವಿಚಾರಿಸುವುದನ್ನು ಕೇಳಬೇಕು!

ಈಚೆಗೆ ಅವರಿಗೆ ಕಂಪ್ಯೂಟರ್ ಮೇಲೇ ಗುಮಾನಿ ಬಂತು. ಮರದ ನೆರಳಿನ ಹಿಮ ನಿಧಾನವಾಗಿ ಕರಗುತ್ತದೆ, ನೀರು ಬರುವುದು ಸಂಜೆಗೇ ಎಂದು ಅದರ ವಾದ. ಬಿಸಿಗಾಳಿ ಬೀಸಿದರೆ ನೆರಳು ಏನು ಮಾಡೀತು ಎಂದು ಭಾವನ ವಾದ. ಮೀನಿನ ಗಾಡಿಯವರಿಂದ ಐಸ್ ಗಡ್ಡೆ ತಂದರು. ಭಾವನದು ಬಡಗಿ ಮನೆತನ ನೋಡಿ, ತಂದೆ ಪೂಜೆ ಮಾಡಿಕೊಂಡು ಬಂದಿದ್ದ ಕೀಸುಳಿಯಿಂದಲೇ, ಮರ ಹೆರೆಯುವಂತೆ, ಆ ಗಡ್ಡೆಯನ್ನು ಹೆರೆದು ಹಿಮ ಮಾಡಿದರು! ತಾರಸಿಯ ಮೇಲೆ ಎರಡು ರಾಶಿ. ಒಂದಕ್ಕೆ ಹೊಂಗೆ ಕೊಂಬೆಗಳ ಕಾಡು, ಇನ್ನೊಂದು ಬಟಾಬಯಲು. ಕರಗಿದ ನೀರು ಹಿಡಿಯಲು ಬಕೆಟ್ಟುಗಳು. ಇದೆಲ್ಲ ನಡೆದದ್ದು ಯಾವತ್ತು ಅಂತೀರಿ? ಸ್ವಂತ ಮಗಳ ನಿಶ್ಚಿತಾರ್ಥದ ಬೆಳಗ್ಗೆ!

ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆದರೆ ಹುಡುಗನ ಅಪ್ಪ ನಾಗಮಂಗಲದ ಭಾರೀ ಮಡಿಯ ಮನುಷ್ಯರು. ಅವರನ್ನು ಒಪ್ಪಿಸುವಷ್ಟರಲ್ಲಿ ನಮ್ಮಕ್ಕ ಹೈರಾಣಾಗಿದ್ದಳು.

"ಇವತ್ತೊಂದಿನ ಆ ಬೆಟ್ಟ ಬುಟ್ಟು ಕೆಳಗಿಳೀರಿ," ಎಂದು ಅಂಗಲಾಚಿದಳು.

ಇಳಿದರು, ಸುಮ್ಮನೆ ಅಲ್ಲ. ನೆರಳಿನ ರಾಶಿಯೂ ಬಯಲಿನ ರಾಶಿಯ ಜೊತೆಜೊತೆಗೇ ಕರಗುತ್ತಿತ್ತಂತೆ. ಬೆಟ್ಟದಲ್ಲೂ ಬಿಸಿಗಾಳಿ ಎದ್ದಿದೆಯಂತೆ, ನೀರು ಸಂಜೆಯವರೆಗೆ ಕಾಯುವುದಿಲ್ಲವಂತೆ. ಮಕ್ಕಳನ್ನು ಇವತ್ತು ಹಳ್ಳ ದಾಟಿಸಬೇಡಿ ಎಂದು ಆಕೆಗೆ ಫೋನಿನಲ್ಲಿ ಕೂಗಿ ಹೇಳುತ್ತಲೇ ಮೆಟ್ಟಿಲಿಳಿದರು. ನನಗೆ ಮೈ ಉರಿದುಹೋಯಿತು.

ಮಧ್ಯಾಹ್ನ ತಾಂಬೂಲ ಬದಲಾಯಿಸುವ ಹೊತ್ತು. ಮೀನಿನ ವಾಸನೆ ಹಿಡಿದು ಬೀದಿಯ ಬೆಕ್ಕುಗಳೆಲ್ಲ ಹಿಮಾಲಯ ಹತ್ತಿದ್ದವು. ಅದರಲ್ಲೊಂದು ಬಕೆಟ್ಟಿಗೆ ಬಾಯಿ ಹಾಕಿತೋ, ಜಗಳಕ್ಕೆ ಬಿತ್ತೋ, ತಾರಸಿಯ ಅಂಚಿನಲ್ಲಿದ್ದ ತುಂಬಿದ ಬಕೆಟ್ಟು ಮಗುಚಿತು. ಕೆಳಗೆ ಅಂಗಳದಲ್ಲಿ ಕೂತಿದ್ದವರು ಯಾರು? ಹುಡುಗನ ಅಪ್ಪ! ಹೊಸ ಪಂಚೆ, ಶಲ್ಯ, ವಿಭೂತಿ, ಎಲ್ಲದರ ಮೇಲೂ ಮೀನಿನ ಐಸಿನ ನೀರು. ವಾದ್ಯದವರೂ ನಿಲ್ಲಿಸಿಬಿಟ್ಟರು. ಹುಡುಗಿಯ ಮುಖ ಬಿಳಿಚಿತು. ಸಂಬಂಧ ಮುರಿಯಿತು ಎಂದುಕೊಂಡೆ.

ಆಗಲೇ ಭಾವನ ಫೋನು ಬಡಿದುಕೊಂಡಿತು. ಎದುರಿಗೆ ಬೀಗರು ತೊಟ್ಟಿಕ್ಕುತ್ತ ನಿಂತಿದ್ದಾರೆ, ಈ ಮನುಷ್ಯ ಫೋನು ತೆಗೆದುಕೊಂಡರು! ಕೇಳಿದರು. ಮೆಟ್ಟಿಲ ಮೇಲೆ ಕುಸಿದು ಕೂತರು.

"ನೀರು ಈಗ್ಲೇ ಬಂದ್ಬುಡ್ತಂತೆ. ಸೇತುವೆ ಕೊಚ್ಕೊಂಡೋಯ್ತಂತೆ," ಎಂದರು. "ಮಕ್ಳು ಮನೇಲವ್ರೆ."

ಅಷ್ಟು ಹೇಳಿ ಎಲ್ಲರೆದುರೂ ಅತ್ತುಬಿಟ್ಟರು. ಯಾವ ನೀರು, ಯಾರ ಮಕ್ಕಳು ಎಂದು ನಾನೇ ತಡವರಿಸುತ್ತ ಬೀಗರಿಗೆ ವಿವರಿಸಿದೆ. ಅವರು ಶಲ್ಯ ಹಿಂಡಿ ಹೆಗಲಿಗೆ ಹಾಕಿಕೊಂಡರು.

"ನಮ್ ಸೊಸೆಗೆ ಹೇಳಿ, ಒಂದು ಒಣಗಿದ್ ಪಂಚೆ ತರ್ಲಿ," ಎಂದರು. "ತಾಂಬೂಲ ಬದ್ಲಾಯಿಸ್ಕೊಳ್ಳೋಣ."

ತಾಂಬೂಲಕ್ಕೆ ಕರೆಯೋಣವೆಂದರೆ ಅಕ್ಕನೇ ಇಲ್ಲ! ಮನೆಯೆಲ್ಲ ಹುಡುಕಿ ತಾರಸಿಗೆ ಹೋದೆ. ರೇಷ್ಮೆ ಸೀರೆಯಲ್ಲಿ ನೆಲದ ಮೇಲೇ ಕೂತು, ಒಂದು ಹೊಂಗೆ ಕೊಂಬೆ ಹಿಡಿದು, ಉಳಿದ ಹಿಡಿ ಹಿಮಕ್ಕೆ ಬೆಕ್ಕು ಬಾಯಿ ಹಾಕದ ಹಾಗೆ ಕಾಯುತ್ತಿದ್ದಳು.

"ಸದ್ದು ಮಾಡ್ಬೇಡ ಕಣ್ಲಾ," ಎಂದಳು, ಕಣ್ಣೊರೆಸಿಕೊಂಡು. "ಇನ್ನೊಂಚೂರು ಕರಗ್ಬೇಕು. ಎಷ್ಟೊತ್ಗೆ ಕರಗ್ತು ಅಂತ ನಿಮ್ ಭಾವ ಕೇಳ್ತಾರೆ."