ಚಾಪೆಲಿನ ಮೂರನೆಯ ಬೆಂಚು

ಮಾತು ಕಡಿಮೆ ಇರುವವರ ಬಗ್ಗೆ ಜನರಿಗೊಂದು ತಪ್ಪು ಕಲ್ಪನೆ ಇದೆ. ಸುಮ್ಮನೆ ಕೂತಿದ್ದಾಳೆಂದರೆ ಏನೋ ಘನವಾದದ್ದನ್ನೇ ಯೋಚಿಸುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಸ್ಟಾಫ್ ರೂಮಿನಲ್ಲಿ ನಾನು ಸುಮ್ಮನಿರುವಾಗ ಬಹುಪಾಲು ಅಮ್ಮ ಡಬ್ಬಿಗೆ ಯಾವ ಪಲ್ಯ ಹಾಕಿರಬಹುದು ಎಂದೇ ಯೋಚಿಸುತ್ತಿರುತ್ತೇನೆ. ಆದರೂ ಆ ಕಲ್ಪನೆಯ ದೆಸೆಯಿಂದಲೇ ನಮ್ಮ ಶಾಲೆಯ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಪುಣೆಯ ಕ್ಯಾಂಪಿನಲ್ಲಿರುವ ಈ ಹೆಣ್ಣುಮಕ್ಕಳ ಶಾಲೆಯನ್ನು ಹಡಗಿನಲ್ಲಿ ಬಂದ ಐವರು ಸಿಸ್ಟರ್‌ಗಳು ಕಟ್ಟಿದ್ದು. ವಾರ್ಷಿಕೋತ್ಸವಕ್ಕೆ ಅದರ ಪುಸ್ತಕ ಬರಬೇಕಿತ್ತು. ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಮಂಗಳೂರಿನವರು. ಇಡೀ ಶಾಲೆಯಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ. "ನೀವೇ ಬರೆಯಿರಿ ಟೀಚರ್. ನಿಮ್ಮದು ಹಿಸ್ಟರಿ, ಮತ್ತೆ ನಿಮಗೆ ಹರಟೆ ಇಲ್ಲ ನೋಡಿ," ಎಂದು ಬೀರುವಿನಿಂದ ಹಳೆಯ ನೋಟ್‌ಬುಕ್ಕುಗಳ ಒಂದು ಗಂಟು ತೆಗೆದು ಕೊಟ್ಟರು.

ಅದು ಕಾನ್ವೆಂಟಿನ ದಿನಚರಿ. ಪ್ರತಿ ವರ್ಷ ಒಬ್ಬ ಸಿಸ್ಟರ್ ಇಂಗ್ಲಿಷಿನಲ್ಲಿ ಬರೆಯಬೇಕು. 'ನಾನು' ಎನ್ನಕೂಡದು, ಯಾರ ಹೆಸರನ್ನೂ ಹೇಳಕೂಡದು. "ಇಂದು ಒಬ್ಬ ಸಿಸ್ಟರ್ ಏಣಿಯಿಂದ ಬಿದ್ದರು. ಏಣಿಗೆ ಏನೂ ಆಗಿಲ್ಲ." ತರಕಾರಿಗೆ ಹೊರಟಿದ್ದೇನೆಂದು ಪಕ್ಕದ ಮನೆಯವರಿಗೂ ಹೇಳದ ನನಗೆ ಬಳಗವೇ ಸಿಕ್ಕಂತಾಯಿತು! ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಮನೆಗೆ ಹೋಗುವ ಬಸ್ಸಿನಲ್ಲಿ ಓದುತ್ತ ಓದುತ್ತ ಎರಡು ಸಲ ನಮ್ಮ ನಿಗಡಿಯ ಸ್ಟಾಪು ದಾಟಿ ಹೋದೆ.

ಮೂರನೆಯ ಸಲ ದಾಟಿಸಿದ್ದು ದಿನಚರಿಯ ಒಬ್ಬ ಹುಡುಗಿ. "ಅಂಚೆ ಕಚೇರಿಯ ಧಾರವಾಡದವರ ಮಗಳು ಪ್ರತಿ ಮಂಗಳವಾರ ಮತ್ತು ಗುರುವಾರ ಚಾಪೆಲಿಗೆ ಬರುತ್ತಾಳೆ. ಮೂರನೆಯ ಬೆಂಚಿನಲ್ಲಿ ಮೊಣಕಾಲೂರಿ ಒಂದು ತಾಸು ಕಣ್ಣು ತೆರೆಯುವುದಿಲ್ಲ." ಮುಂದಿನ ವಾರ: "ಏಳುವಾಗ ಅತ್ತಳು." ಆಮೇಲೆ: "ದೇವರು ಎಲ್ಲ ಹೆಂಗಸರಿಗೂ ಒಂದೇ ಕೆಲಸ ಇಟ್ಟಿದ್ದಾನೆಯೇ ಎಂದು ಕೇಳಿದಳು. ಅವಳನ್ನು ಮನೆಗೆ ಕಳಿಸಿ ನಾವು ಚಾಪೆಲಿಗೆ ಹೋದೆವು." ಹುಡುಗಿಗೆ ಸನ್ಯಾಸದ ಕರೆ ಬಂದಿದೆ ಎಂದು ಸಿಸ್ಟರ್‌ಗಳಿಗೆ ಗಾಬರಿ. ಹಿಂದೂ ಮನೆತನ, ತಂದೆಗೆ ಏನೆಂದು ಹೇಳುವುದು? ಕೊನೆಗೆ, ಈ ಮಗು ಸಿಸ್ಟರ್ ಆಗದಿರಲಿ ಎಂದು ಸಿಸ್ಟರ್‌ಗಳೆಲ್ಲ ಸೇರಿ ಒಂಬತ್ತು ದಿನ ಪ್ರಾರ್ಥಿಸಿದರು. ನೋಟ್‌ಬುಕ್ಕು ಅಲ್ಲಿಗೆ ಮುಗಿದಿತ್ತು.

ನಾನು ಕಣ್ಣೊರೆಸಿಕೊಂಡು ನಿಗಡಿಯಿಂದಾಚೆ ಎಲ್ಲೋ ಇಳಿದೆ. ಅಂಚೆ ಕಚೇರಿಯ ಧಾರವಾಡದವರು ನನ್ನ ಮುತ್ತಜ್ಜ. ಇದೇ ಶಾಲೆಯಲ್ಲಿ ಓದಿದ ಆ ಹುಡುಗಿ ನಮ್ಮ ಅಜ್ಜಿ! ಮನೆಯಲ್ಲಿ ಯಾರಿಗೂ ಹೇಳದೆ ಅಂದೇ ಪುಸ್ತಕದ ಕೊನೆಯ ಅಧ್ಯಾಯ ಬರೆದೆ. 'ಆತ್ಮದ ಏಕಾಂತ' ಎಂಬ ಮಾತು ಅದರಲ್ಲಿ ನಾಲ್ಕು ಕಡೆ ಬಂದಿತ್ತು. ಪ್ರಿನ್ಸಿಪಾಲ್ ಓದಿ, "ಎಂತ ಚಂದ ಬರೆದಿದ್ದೀರಿ ಮಾರಾಯ್ತಿ! ಶನಿವಾರ ಪ್ರೆಸ್ಸಿಗೆ ಕೊಡುವ. ಆ ಹುಡುಗಿ ಇದ್ದರೆ ಸ್ಟೇಜಿಗೆ ಕರೀಬೇಕಿತ್ತು," ಎಂದರು. ಅದು ನಮ್ಮಜ್ಜಿ ಎಂದು ನಾನೂ ಹೆಮ್ಮೆಯಿಂದ ಹೇಳಿಬಿಟ್ಟೆ.

ಅಜ್ಜಿಯನ್ನು ಕೇಳಿದ್ದು ಆಮೇಲೆ. ಚರಿತ್ರೆಯಲ್ಲಿ ಎಂ.ಎ. ಮಾಡಿದವಳು ಈ ಅನುಕ್ರಮವನ್ನು ಎಲ್ಲೂ ಹೇಳಿಕೊಳ್ಳಬಾರದು.

"ಅಜ್ಜಿ, ನೀ ಚಾಪೆಲ್‌ನ್ಯಾಗ ಒಂದು ತಾಸು ಏನ ಬೇಡಿಕೋತಿದ್ದಿ?"

ಅಜ್ಜಿ ಮೆಂತೆ ಸೋಸುವುದನ್ನು ನಿಲ್ಲಿಸಲಿಲ್ಲ. "ಬೇಡಿಕೊಳ್ಳೋದೇನ ಬಂತ? ಮಂಗಳವಾರ ಗುರುವಾರ ಹೊಲಿಗಿ ಕ್ಲಾಸ್ ಇರತಿತ್ತು. ಆ ಸಿಸ್ಟರ್‌ನ ಕೈಯಾಗೂ ಸೂಜಿ, ಕಣ್ಣಾಗೂ ಸೂಜಿ. ಚಾಪೆಲ್ ತಂಪಗ ಇರತಿತ್ತು. ಕಣ್ಣ ಮುಚ್ಚಿದ್ರ ಯಾರೂ ಎಬ್ಬಸ್ತಿದ್ದಿಲ್ಲ. ಭಾಳ ಛಲೋ ನಿದ್ದಿ ಹತ್ತತಿತ್ತು."

"ಮತ್ತ ಅತ್ತಿದ್ದೆಲ್ಲ?"

"ಕಾಲು ಜುಮ್ಮಂದು ಏಳಾಕ ಬರಲಿಲ್ಲವ್ವ, ಅತ್ತೆ."

"ಎಲ್ಲಾ ಹೆಂಗಸರಿಗೂ ಒಂದ ಕೆಲಸ ಏನು ಅಂತ ಕೇಳಿದ್ದೆಲ್ಲ!"

"ಎಲ್ಲಾರೂ ಹೊಲಿಗಿನ ಕಲೀಬೇಕೇನು ಅಂತ ಕೇಳಿದ್ದೆ. ತಪ್ಪೇನದ?"

ಆತ್ಮದ ಏಕಾಂತ ನಾಲ್ಕೂ ಕಡೆ ಕುಸಿದು ಬಿತ್ತು. ಶನಿವಾರಕ್ಕೆ ಎರಡೇ ದಿನ. ಅಧ್ಯಾಯ ಕಿತ್ತರೆ ನನ್ನ ಮೊದಲ ಪುಸ್ತಕಕ್ಕೆ ಕೊನೆಯಿಲ್ಲ. ಬಿಟ್ಟರೆ ಅಜ್ಜಿ ಸ್ಟೇಜಿನ ಮೇಲೆ ಸಂತಳಾಗಿ ಕೂರಬೇಕು. ಹೇಳಿದರೆ ಪ್ರಿನ್ಸಿಪಾಲರ ಮುಖ ಹೇಗಾದೀತು? "ನೀ ಯಾಕ ಹೆದರತಿ? ನಿದ್ದಿ ಮಾಡಿದಾಕಿ ನಾನು. ನಾನ ಹೇಳತೀನಿ," ಎಂದು ಅಜ್ಜಿ ಮರುದಿನ ನನ್ನೊಡನೆ ಹೊರಟೇಬಿಟ್ಟಳು.

ಆಫೀಸಿನಲ್ಲಿ ಕುರ್ಚಿ ಎಳೆದುಕೊಂಡವಳೇ, "ಸಿಸ್ಟರ್, ನಿಮ್ಮ ದೇವರ ಮುಂದ ಒಂದು ವರ್ಷ ಗೊರಕಿ ಹೊಡದೀನ್ರಿ. ಸಿಟ್ಟಿಗೇಳಬ್ಯಾಡ್ರಿ," ಎಂದಳು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಪ್ರಿನ್ಸಿಪಾಲ್ ಮೇಜು ಹಿಡಿದುಕೊಂಡು ನಕ್ಕರು, ಎಷ್ಟೆಂದರೆ ಗುಮಾಸ್ತೆ ಬಾಗಿಲಲ್ಲಿ ಇಣುಕಿದಳು. "ಟೀಚರ್, ನೀವು ಮುಂದಿನ ವರ್ಷದ ನೋಟ್‌ಬುಕ್ ಓದಲಿಲ್ಲವಾ? ನಾನು ಸಹ ನಿನ್ನೆ ರಾತ್ರಿ ಓದಿದ್ದಷ್ಟೆ."

ಓದಿರಲಿಲ್ಲ. ಅತ್ತು ಮುಗಿಸಿ ನೇರ ಬರೆಯಲು ಕೂತಿದ್ದೆ. ಬೀರುವಿನಲ್ಲಿದ್ದ ಗಂಟಿನಿಂದ ಅವರೇ ಹುಡುಕಿ ತೆಗೆದು ಗಟ್ಟಿಯಾಗಿ ಓದಿದರು. "ಆ ಮಗುವಿನ ಧ್ಯಾನಕ್ಕೂ ವೇಳಾಪಟ್ಟಿಗೂ ಸಂಬಂಧವಿದೆ ಎಂದು ಇಂದು ಒಬ್ಬ ಸಿಸ್ಟರ್ ಗಮನಿಸಿದರು. ಇನ್ನು ಹೊಲಿಗೆಯ ತರಗತಿ ಚಾಪೆಲಿನ ವರಾಂಡದಲ್ಲಿ ನಡೆಯುತ್ತದೆ." ಅದರ ಕೆಳಗೆ: "ಮಗು ಕಣ್ಣು ತೆರೆದು ನಮ್ಮನ್ನು ನೋಡಿದಳು. ಮತ್ತೆ ಕಣ್ಣು ಮುಚ್ಚಿದಳು." ಆ ಪುಟಕ್ಕೆ ಪಿನ್ನು ಚುಚ್ಚಿ ಆ ಮಗುವಿನ ಹೊಲಿಗೆಯ ಒಂದು ಕರವಸ್ತ್ರ ಇಟ್ಟಿದ್ದರು. ಒಂದೇ ಅಂಚು ಹೊಲಿದಿತ್ತು, ಅದೂ ಇಲಿ ಕಡಿದ ಹಾಗೆ.

ಅಜ್ಜಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇಟ್ಟಾರಲ್ಲ... ಬಯ್ಯಲೂ ಇಲ್ಲ, ಒಗೀಲೂ ಇಲ್ಲ," ಎಂದವಳ ದನಿ ಸಣ್ಣಗಾಗಿತ್ತು.

"ಇದನ್ನು ವಾರ್ಷಿಕೋತ್ಸವದಲ್ಲಿ ಎಲ್ಲರೂ ನೋಡಬೇಕು. ಆದರೆ ಮೂರು ಅಂಚು ಬಾಕಿ ಉಂಟಲ್ಲ," ಎಂದರು ಪ್ರಿನ್ಸಿಪಾಲ್.

"ನನಗ ಕಣ್ಣು ಕಾಣಂಗಿಲ್ರಿ. ನಮ್ಮ ಮೊಮ್ಮಗಳು ಭಾಳ ಶಾಣ್ಯಾ ಇದ್ದಾಳ," ಎಂದಳು ಅಜ್ಜಿ, ನನ್ನ ಕಡೆ ನೋಡದೆ.

ರಿಕ್ಷಾದಲ್ಲಿ ಅವಳ ಮೊಣಕೈ ಹಿಡಿದು, "ನನಗ ಗುಂಡಿ ಹಚ್ಚಾಕೂ ಬರಂಗಿಲ್ಲ," ಎಂದೆ. "ನನಗ ಗೊತ್ತಿಲ್ಲೇನ?" ಎಂದಳು. "ಮೂರನೇ ಬೆಂಚ್ ಛಲೋ ಅದ. ಕಂಬ ಅಡ್ಡ ಬರತದ, ಯಾರಿಗೂ ಕಾಣಂಗಿಲ್ಲ."

ಅಧ್ಯಾಯವನ್ನು ಹೊಸದಾಗಿ ಬರೆದೆ. ಈಗ ಅದು ಮೊದಲಿನದಕ್ಕಿಂತ ಚೆನ್ನಾಗಿದೆ, ನಿಜವೂ ಆಗಿದೆ. ಪ್ರೆಸ್ಸಿಗೆ ಹೋಗುವ ಮುನ್ನ ಸ್ಥಳ ಪರಿಶೀಲನೆ ಮಾಡುವುದು ಚರಿತ್ರೆ ಬರೆಯುವವರ ಕರ್ತವ್ಯವಾದ್ದರಿಂದ, ಶನಿವಾರ ಬೆಳಿಗ್ಗೆ ಬಿಡುವಿನ ಪಿರಿಯಡ್ಡಿನಲ್ಲಿ ಚಾಪೆಲಿಗೆ ಹೋದೆ. ಕಂಬ ಅಲ್ಲೇ ಇತ್ತು. ತಂಪೂ ಇತ್ತು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಪ್ರಿನ್ಸಿಪಾಲ್ ಕೂತಿದ್ದರು. ಸೂಜಿಗೆ ಆಗಲೇ ದಾರ ಪೋಣಿಸಿಟ್ಟಿದ್ದರು.